ಮೊದಲ ಪಾಳಿ

ನಮ್ಮೂರ ಹಿಟ್ಟಿನ ಗಿರಣಿಗೆ ಒಂದು ಮೆಟ್ಟಿಲಿದೆ. ಕರಿಕಲ್ಲಿನ ಮೆಟ್ಟಿಲು. ನಮ್ಮ ಡಬ್ಬಿ ಅದನ್ನು ಹತ್ತಬಹುದು. ನಾವು ಹತ್ತುವಂತಿಲ್ಲ. ಹೀಗೆಂದು ಎಲ್ಲೂ ಬರೆದಿಲ್ಲ. ಬರೆಯುವ ಅಗತ್ಯ ಯಾರಿಗೂ ಬಿದ್ದಿಲ್ಲ.

ನಾನು ಮೈಲಾರವ್ವ. ಕುಂದಗೋಳ ತಾಲೂಕಿನವಳು. ಊರಿನ ಹೆಸರು ಹೇಳುವುದಿಲ್ಲ, ಹೇಳಿದರೆ ನಮ್ಮೂರೊಂದೇ ಕೆಟ್ಟದ್ದು ಎಂದಾಗುತ್ತದೆ. ಊರು ಮುಗಿದ ಮೇಲೆ ತಗ್ಗಿನಲ್ಲಿ ನಮ್ಮ ಮನೆಗಳಿವೆ. ಪಂಚಾಯ್ತಿಯವರು ನೆಟ್ಟ ಬೋರ್ಡಿನಲ್ಲಿ ದೊಡ್ಡವರೊಬ್ಬರ ಹೆಸರಿದೆ. ಊರ ಬಾಯಲ್ಲಿ ಅದು ಕೆಳಗೇರಿ. ಬಿಸಿಲಿಗೆ ಬೋರ್ಡಿನ ಬಣ್ಣ ಹೋಗಿದೆ, ಊರ ಬಾಯಿ ಹಾಗೇ ಇದೆ.

ಗಿರಣಿ ಏಕನಾಥ ಸಾವಕಾರನದು. ಬೆಳಿಗ್ಗೆ ಜೋಳದ ಡಬ್ಬಿ ಹೊತ್ತುಕೊಂಡು ಹೋಗಿ ಗೋಡೆಯ ಬಾಜು ಇಟ್ಟು ಕೂರಬೇಕು. ಊರವರ ಡಬ್ಬಿಗಳು ಬರುತ್ತವೆ, ಹೋಗುತ್ತವೆ. ನಮಗಿಂತ ತಡವಾಗಿ ಬಂದವರು ನಮಗಿಂತ ಮೊದಲು ಮನೆ ಸೇರಿ ರೊಟ್ಟಿ ಬಡಿದು ಉಂಡಿರುತ್ತಾರೆ. ಎಲ್ಲರದೂ ಮುಗಿದು, ಗಿರಣಿ ನಿಲ್ಲಿಸುವ ಹೊತ್ತಿಗೆ ಏಕನಾಥ ನಮ್ಮ ಕಡೆ ನೋಡುತ್ತಾನೆ. ಆಗ ಎದ್ದು ಡಬ್ಬಿಯನ್ನು ಮೆಟ್ಟಿಲ ಮೇಲಿಟ್ಟು ಹಿಂದೆ ಸರಿಯಬೇಕು. ಅವನು ಬಂದು ಎತ್ತಿಕೊಂಡು ಹೋಗಿ ಗಿರಣಿಯ ಬಾಯಿಗೆ ಸುರಿಯುತ್ತಾನೆ. ಜೋಳಕ್ಕೆ ಮೈಲಿಗೆ ಇಲ್ಲ. ಡಬ್ಬಿಗೂ ಇಲ್ಲ, ಅದು ತಗಡು. ಮೈಲಿಗೆ ಇರುವುದು ಹೊತ್ತು ತಂದವರಿಗೆ ಮಾತ್ರ. ನಡುವೆ ಕರೆಂಟು ಹೋದರೆ ನಾಳೆ ಬರಬೇಕು. ಹೊಟ್ಟೆ ನಾಳೆಯ ತನಕ ಕಾಯುತ್ತದೆಯೇ ಎಂದು ಕೇಳುವವರಿಲ್ಲ.

ಒಂದು ದಿನ ಮಾತ್ರ ಬೇರೆ. ಬೀಸಿ ಬೀಸಿ ಗಿರಣಿಯ ಕಲ್ಲು ನುಣುಪಾಗುತ್ತದೆ. ಆಗ ಹಿಟ್ಟು ದಪ್ಪ ಬೀಳುತ್ತದೆ. ಕಲ್ಲು ಬಿಚ್ಚಿ, ಉಳಿಯಿಂದ ಕಚ್ಚು ಕಚ್ಚಾಗಿ ಹೊಡೆದು ಒರಟು ಮಾಡಿಸಬೇಕು. ಅದಕ್ಕೆ ಟಾಕಿ ಹೊಡೆಯುವುದು ಎನ್ನುತ್ತಾರೆ. ಟಾಕಿ ಹೊಡೆಸಿದ ದಿನ ಏಕನಾಥ ಮೆಟ್ಟಿಲಿಗೆ ಬಂದು ನಿಂತು, ಕೆಳಗೇರಿಯವರ ಡಬ್ಬಿ ಮೊದಲ ಬರ್ಲಿ, ಎನ್ನುತ್ತಾನೆ. ಅಂದು ಊರವರು ಕಾಯುತ್ತಾರೆ. ನಮ್ಮದು ಮೊದಲ ಪಾಳಿ.

ಆ ದಿನಕ್ಕಾಗಿ ನನ್ನ ಅತ್ತೆ ಬಸವಣ್ಣೆವ್ವ ಒಗೆದ ಸೀರೆ ಎತ್ತಿಟ್ಟಿರುತ್ತಿದ್ದಳು. ಇಳಕಲ್ಲಿನ ಹಳೆಯ ಸೀರೆ, ಸೆರಗಿನ ಕೆಂಪು ಅಷ್ಟಿಷ್ಟು ಉಳಿದಿದೆ. ಅದನ್ನುಟ್ಟು, ತಲೆ ಬಾಚಿ, ಡಬ್ಬಿಯನ್ನು ತಾನೇ ಹೊತ್ತು ಹೋಗುತ್ತಿದ್ದಳು. ಬೇರೆ ದಿನ ಗೋಡೆಯ ಕಡೆ ಮುಖ ಮಾಡಿ ಕೂರುವ ಮುದುಕಿ ಅಂದು ದಾರಿಯ ಕಡೆ ಮುಖ ಮಾಡಿ ಕೂರುತ್ತಿದ್ದಳು. ಕೇರಿಯ ಹೆಂಗಸರೊಳಗೆ ಯಾರ ಡಬ್ಬಿ ಮುಂದೆ ಎಂದು ಜಗಳ ಬಿದ್ದರೆ ಅವಳೇ ಗೆಲ್ಲುತ್ತಿದ್ದಳು.

"ಈ ಮಾನ ಬಂದಿದ್ದ ನಿಮ್ಮ ಮಾವನಿಂದ," ಎಂದು ನಾನು ಮದುವೆಯಾಗಿ ಬಂದಾಗಲೇ ಹೇಳಿದ್ದಳು. "ಆ ಕಲ್ಲ ಚಕ್ಕಡಿಯಿಂದ ಇಳಿಸಿದಾಂವ ಅಂವ. ಕೈಯಾಗಿನ ಬಳ್ಳ ಅದರ ಕೆಳಗ ಜಜ್ಜಿ ಹೋತು. ಹಿರೇ ಸಾವಕಾರ ನೋಡಿ, ಇನ್ನ ಮ್ಯಾಲೆ ಟಾಕಿ ಹೊಡದ ದಿನ ನಿಮ್ಮ ಓಣ್ಯಾವರದ ಮೊದಲ ಅಂದ. ಮಗಾನೂ ನಡಿಸಿಕೊಂಡ ಬಂದಾನ."

ನಾನು ನಂಬಿದ್ದೆ. ಇಡೀ ಕೇರಿ ನಂಬಿತ್ತು.

ಹಿಟ್ಟಿನಲ್ಲಿ ಹರಳು ಇರುತ್ತಿತ್ತು, ಅದೂ ನಿಜ. ರೊಟ್ಟಿ ಮುರಿದು ಬಾಯಿಗಿಟ್ಟರೆ ಕರಕರ ಅನ್ನುತ್ತಿತ್ತು. ಆದರೆ ನಮ್ಮ ಜೋಳವಾದರೂ ಎಂಥದ್ದು. ರಾಶಿಯ ದಿನ ಕಣದ ತಳದಲ್ಲಿ ಉಳಿದದ್ದನ್ನು ಬಳಿದು ಕೂಲಿ ಎಂದು ಕೊಡುತ್ತಾರೆ. ಎರೆಮಣ್ಣು, ಹೊಟ್ಟು, ಕಾಳು ಎಲ್ಲ ಒಂದೇ ಬಣ್ಣ. ಹರಳು ಅದರೊಳಗಿನದೇ ಎಂದುಕೊಂಡೆವು. ಕೇರಿಯ ಗಂಡಸರೂ ಹಾಗೇ ಅಂದುಕೊಂಡರು. ತಪ್ಪು ಜೋಳ ಹಸನು ಮಾಡಿದವಳದು ಎಂದು ತೀರ್ಮಾನವಾಯಿತು.

ನನ್ನ ಗಂಡ ಯಮನೂರಪ್ಪ ಅಣ್ಣಿಗೇರಿಯಲ್ಲಿ ಲಾರಿಗೆ ಹತ್ತಿಯ ಅಂಡಿಗೆ ಹೇರುತ್ತಾನೆ. ಕೆಟ್ಟವನಲ್ಲ. ಮದುವೆಯಾದ ವರ್ಷ ಒಂದು ದಿನ ಉಣ್ಣುತ್ತಿದ್ದಾಗ ಅವನ ದವಡೆ ಹಲ್ಲು ಸೀಳಿತು. ಎಡಗೈಯಲ್ಲಿ ಕೆನ್ನೆ ಹಿಡಿದುಕೊಂಡು ಬಲಗೈಯಿಂದ ನನ್ನ ಕೆನ್ನೆಗೆ ಹೊಡೆದ. "ಕಲ್ಲ ತಿನಸ್ತಿ ಏನ?" ಎಂದ. ಅತ್ತೆ, "ಹಸನ ಮಾಡೂದ ಕಲಿ ಬೇ. ನಿಮ್ಮವ್ವ ಕಲಿಸೇ ಇಲ್ಲ," ಎಂದಳು. ಅಂದಿನಿಂದ ನಾನು ಮೊರ ಹಿಡಿದು ಕೂತರೆ ಒಂದೊಂದು ಕಾಳನ್ನೂ ನೋಡುತ್ತಿದ್ದೆ. ಕೇರಿ, ಹೊಯ್ದು, ಆರಿಸಿ, ಮತ್ತೆ ಕೇರಿ. ಕಣ್ಣಲ್ಲಿ ನೀರು ಬರುವ ತನಕ. ನೋವಿನ ನೀರಲ್ಲ, ದೂಳಿನದು. ಆದರೂ ಟಾಕಿಯ ದಿನದ ಹಿಟ್ಟಿನಲ್ಲಿ ಹರಳು ಇದ್ದೇ ಇರುತ್ತಿತ್ತು. ನನಗೆ ಕೈ ಬರುವುದಿಲ್ಲ ಎಂದು ನಾನೇ ಒಪ್ಪಿಕೊಂಡೆ.

ಹೋದ ಬೇಸಿಗೆಯ ಮುಂಚೆ ಹಳೆಯ ಟಾಕಿಯವನು ಸತ್ತ. ಯರಗುಪ್ಪಿಯ ಕಡೆಯಿಂದ ಇಮಾಮುದ್ದೀನ ಎಂಬ ಹೊಸಬ ಬಂದ. ಅಂದು ಅತ್ತೆಗೆ ಜ್ವರ. ಡಬ್ಬಿ ಹೊತ್ತು ನಾನೇ ಹೋದೆ. ಬಿಸಿಲು ಏರಿರಲಿಲ್ಲ. ಕೇರಿಯಿಂದ ಬಂದವಳು ನಾನೊಬ್ಬಳೇ. ಡಬ್ಬಿಯನ್ನು ಮೆಟ್ಟಿಲ ಮೇಲಿಟ್ಟು ಕೆಳಗೆ ನಿಂತೆ. ಇಮಾಮುದ್ದೀನ ಒಳಗೆ ಕಲ್ಲು ಜೋಡಿಸಿ ಎದ್ದ. ಅವನ ಹುಬ್ಬಿನ ಮೇಲೆ, ಗಡ್ಡದ ಮೇಲೆ ಕಲ್ಲಿನ ಬಿಳಿ ಪುಡಿ ಕೂತಿತ್ತು.

"ಟಾಕಿ ಮುಗೀತ್ರಿ ಸಾವಕಾರ್ರ," ಎಂದ. "ಮೊದಲ ಒಂದ ಡಬ್ಬಿ ಹೊಟ್ಟ ಹಾಕಿ ಕಲ್ಲ ತೊಳಕೋರಿ. ಕಲ್ಲಪುಡಿ ಪೂರಾ ಹೋಗಬೇಕು."

"ಹೊಟ್ಟ ಯಾಕ ಕೆಡಸೂದು ಕಾಕಾ," ಎಂದ ಏಕನಾಥ. "ಎಮ್ಮಿ ತಿನ್ನೂ ವಸ್ತು ಅದು. ಇವರ ಡಬ್ಬಿ ಐತಲ್ಲ."

"ಜೋಳ ಹಾಕ್ತೀರಿ? ಹಿಟ್ಟ ಚೆಲ್ಲಬೇಕಾಕ್ಕೈತ್ರಿ ಮತ್ತ. ದನಕ್ಕೂ ಹಾಕೂಹಂಗಿಲ್ಲ ಅದನ್ನ."

"ಚೆಲ್ಲೂದ್ಯಾಕ, ಒಯ್ತಾರ ಅವರು. ನಮ್ಮಪ್ಪನ ಕಾಲದಿಂದ ಹಿಂಗ ನಡದೈತಿ. ಅವರಿಗೆ ರೂಢಿ ಐತಿ, ಏನೂ ಆಗೂದಿಲ್ಲ."

ಅವನು ದನಿ ತಗ್ಗಿಸಲಿಲ್ಲ. ನಾನು ಮೂರು ಮಾರು ದೂರದಲ್ಲಿದ್ದೆ. ಅವನು ನನ್ನನ್ನು ನೋಡಿಯೇ ಹೇಳಿದ. ದನದ ಮುಂದೆ ಯಾರೂ ಪಿಸುಮಾತು ಆಡುವುದಿಲ್ಲ.

ಇಮಾಮುದ್ದೀನ ಒಮ್ಮೆ ನನ್ನ ಕಡೆ ನೋಡಿದ. ಆಮೇಲೆ ಉಳಿ ಸುತ್ತಿಗೆಗಳನ್ನು ಗೋಣಿಚೀಲಕ್ಕೆ ತುಂಬಿಕೊಂಡ. ಏಕನಾಥ ನನ್ನ ಡಬ್ಬಿ ಎತ್ತಿ ಸುರಿದ. ಗಿರಣಿ ತಿರುಗಿತು. ಕೆಳಗಿನ ಬಟ್ಟೆಯ ಚೀಲದಿಂದ ಹಿಟ್ಟು ಇಳಿಯಿತು.

ಸಿಟ್ಟು ಬರಲಿಲ್ಲ. ಬರಬೇಕಾಗಿತ್ತು, ನಾನು ಕಾದೆ. ಬರಲಿಲ್ಲ. ಕೈ ಮರಗಟ್ಟಿದ ಹಾಗೆ ಒಳಗೆಲ್ಲ ಮರಗಟ್ಟಿತ್ತು. ಬಿಸಿ ಹಿಟ್ಟಿನ ಡಬ್ಬಿ ತಲೆಯ ಮೇಲಿಟ್ಟುಕೊಂಡು ಕೇರಿಗೆ ಇಳಿದೆ. ಮನೆಗೆ ಬಂದು ಒಂದು ಚಿಟಿಕೆ ಹಿಟ್ಟು ನಾಲಿಗೆಯ ಮೇಲಿಟ್ಟು ಹಲ್ಲು ಕಡಿದೆ. ಕರಕರ. ಇಷ್ಟು ವರ್ಷ ನಾನು ಮೊರದಲ್ಲಿ ಹುಡುಕಿದ್ದು ಮೊರದಲ್ಲಿ ಇರಲೇ ಇಲ್ಲ.

ಆ ಹಿಟ್ಟು ಚೆಲ್ಲಿದೆ ಎಂದು ಹೇಳಿದರೆ ಕೇಳಲು ಚೆನ್ನ. ಚೆಲ್ಲಲಿಲ್ಲ. ಮನೆಯಲ್ಲಿ ಬೇರೆ ಹಿಟ್ಟು ಇರಲಿಲ್ಲ. ನಾದಿದೆ, ಬಡಿದೆ, ಬೇಯಿಸಿದೆ. ಜ್ವರದಲ್ಲಿಯೂ ಅತ್ತೆ ಎದ್ದು ಕೂತು ಅರ್ಧ ರೊಟ್ಟಿ ತಿಂದಳು. ಅವಳಿಗೆ ಮುಂದಿನ ಹಲ್ಲುಗಳಷ್ಟೇ ಉಳಿದಿವೆ. ಪುಂಡಿಪಲ್ಲೆಯಲ್ಲಿ ನೆನೆಸಿ ನೆನೆಸಿ ನುಂಗಿದಳು.

"ಟಾಕಿ ಹಿಟ್ಟ ಅಂದ್ರ ಟಾಕಿ ಹಿಟ್ಟ," ಎಂದಳು. "ಎಷ್ಟ ನುಣ್ಣಗ ಬಂದೈತಿ ನೋಡು. ನಮ್ಮ ಡಬ್ಬಿ ಮೊದಲ ಹಾಕಿದ್ನಿಲ್ಲ?"

"ಹಾಕಿದ್ರಿ ಅತ್ತಿ," ಎಂದೆ.

ರಾತ್ರಿ ಊಟದ ಹೊತ್ತಿಗೆ ಗಂಡನಿಗೆ ಎಲ್ಲ ಹೇಳಿದೆ. ಅವನು ಅಗಿಯುವುದನ್ನು ನಿಲ್ಲಿಸಿದ. ಬಾಯೊಳಗಿನ ತುತ್ತನ್ನು ಏನು ಮಾಡಬೇಕೆಂದು ತಿಳಿಯದೆ ಕೂತ. ನನ್ನ ಕೆನ್ನೆ ಅವನಿಗೆ ನೆನಪಾಗಿರಬಹುದು. ಆಗದೆಯೂ ಇರಬಹುದು. ಕೊನೆಗೆ ತುತ್ತನ್ನು ನುಂಗಿದ.

"ಬಡವನ ಸಿಟ್ಟ ದವಡಿಗೆ ಮೂಲ ಅಂತಾರ," ಎಂದ. "ಬಿಟ್ಟಬಿಡ."

ನಮ್ಮ ದವಡೆ ಸಿಟ್ಟು ಮಾಡದೆಯೂ ಹೋಗಿತ್ತು. ಅದನ್ನು ಅವನಿಗೆ ಹೇಳಲಿಲ್ಲ. "ಆ ಗಿರಣಿಗೆ ಇನ್ನ ನಾ ಹೋಗೂದಿಲ್ಲ," ಎಂದಷ್ಟೇ ಹೇಳಿದೆ.

"ಹೋಗಬ್ಯಾಡ. ಆದ್ರ ಅವ್ವಗ ಹೇಳಬ್ಯಾಡ. ಆ ಒಂದ ಮಾನದ ಮ್ಯಾಲ ಜೀವಾ ಹಿಡದಾಳ ಆಕಿ."

ಅವನು ಹೇಳಿದ್ದು ಸುಳ್ಳಲ್ಲ. ಅತ್ತೆಯ ಹತ್ತಿರ ಬೇರೆ ಏನಿತ್ತು? ಗಂಡ ಹೋದ. ಹೊಲ ಇರಲಿಲ್ಲ. ಸಾವಕಾರ ಕೊಟ್ಟ ಮೊದಲ ಪಾಳಿ ಇತ್ತು. ಅದು ಮಾನವಲ್ಲ, ಕಲ್ಲು ತೊಳೆದ ನೀರು ಎಂದು ನಾನು ಹೇಗೆ ಹೇಳಲಿ. ಬಾಯಿ ಮುಚ್ಚಿಕೊಂಡೆ.

ಡಬ್ಬಿ ಬರಿದಾದ ಮೇಲೆ ಜೋಳ ತುಂಬಿಕೊಂಡು ಗಿರಣಿಯ ದಾರಿ ಬಿಟ್ಟು ಬಸ್ಸಿನ ದಾರಿ ಹಿಡಿದೆ. ಬಸ್ಸು ಹೆಂಗಸರಿಗೆ ಪುಕ್ಕಟೆ. ಡಬ್ಬಿಗೆ ಪುಕ್ಕಟೆ ಇಲ್ಲ ಎಂದು ಕಂಡಕ್ಟರ್ ತಕರಾರು ತೆಗೆದ. ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡೆ. "ನೋಡ್ರಿ, ಜಾಗಾ ಹಿಡದಿಲ್ಲ ಇದು," ಎಂದೆ. ಸಂತೆಯ ಊರು ಸಂಶಿಗೆ ಬರುವಷ್ಟರಲ್ಲಿ ತೊಡೆ ಜೋಮು ಹಿಡಿದು ನನ್ನದಲ್ಲ ಅನ್ನಿಸುತ್ತಿತ್ತು.

ಸಂಶಿಯಲ್ಲಿ ಸಂತೆಯ ಹಿಂದಿನ ಓಣಿಯಲ್ಲಿ ಮರಿಯಮಬಿಯ ಗಿರಣಿ ಇದೆ. ಗಂಡ ತೀರಿದ ಮೇಲೆ ಅವಳೇ ನಡೆಸುತ್ತಾಳೆ. ತಲೆಗೆ ಕಟ್ಟಿದ ಬಟ್ಟೆಯಿಂದ ಕಾಲಿನ ತನಕ ಹಿಟ್ಟು. ನಾನು ಹೋಗಿ ಗೋಡೆಯ ಬಾಜು ಡಬ್ಬಿ ಇಟ್ಟು ಕೂತೆ. ಒಬ್ಬರ ಹಿಂದೊಬ್ಬರು ಬಂದು ಬೀಸಿಸಿಕೊಂಡು ಹೋದರು. ಬಹಳ ಹೊತ್ತಾದ ಮೇಲೆ ಅವಳು ಹೊರಗೆ ಬಂದಳು.

"ಏನವಾ, ಯಾರದರ ಹಾದಿ ಕಾಯಾಕತ್ತಿ ಏನು?"

"ಇಲ್ರಿ. ಹಿಟ್ಟ ಹಾಕಸಬೇಕಿತ್ತು."

"ಮತ್ತ ಅಲ್ಲ್ಯಾಕ ಕುಂತಿ? ಪಾಳಿಗೆ ಬಾ. ಒಳಗ ತೊಗೊಂಡ ಬಾ ಡಬ್ಬಿ."

ಅವಳ ಗಿರಣಿಗೂ ಒಂದು ಮೆಟ್ಟಿಲಿತ್ತು. ನನ್ನ ಕಾಲು ಏಳಲಿಲ್ಲ. ಜೋಮು ಎಂದು ಮೊದಲು ಅಂದುಕೊಂಡೆ. ಜೋಮು ಇಳಿದು ಎಷ್ಟೋ ಹೊತ್ತಾಗಿತ್ತು. ಮರಿಯಮಬಿ ಡಬ್ಬಿಯ ಒಂದು ಕಡೆ ತಾನು ಹಿಡಿದಳು. ಇನ್ನೊಂದು ಕಡೆ ಹಿಡಿದ ನಾನು ಡಬ್ಬಿಯ ಜೊತೆಗೇ ಒಳಗೆ ಹೋದೆ. ಒಳಗೆ ನಿಂತಾಗ ಕುಣಿಯುವಂತೆ ಆಗಲಿಲ್ಲ. ಏನೂ ಆಗಲಿಲ್ಲ. ಗಿರಣಿಯ ಒಳಗೆ ಬಹಳ ಸದ್ದು ಇರುತ್ತದೆ ಎಂದು ತಿಳಿಯಿತು, ಅಷ್ಟೇ.

ಹೀಗೆ ನಡೆಯಿತು. ಬಸ್ಸು ತಪ್ಪಿದರೆ ನಡೆದು ಬರುತ್ತಿದ್ದೆ. ಕುತ್ತಿಗೆಯ ನರ ಹಿಡಿದುಕೊಂಡು ಬಲಗಡೆ ತಿರುಗುವುದು ನಿಂತಿತು. ಮೆಣಸಿನಕಾಯಿ ಬಿಡಿಸುವ ದಿನಗಳಲ್ಲಿ ಸಂಶಿಗೆ ಹೋಗುವಷ್ಟು ಪುರುಸೊತ್ತು ಸಿಗುತ್ತಿರಲಿಲ್ಲ. ಆಗ ಹಿತ್ತಿಲಲ್ಲಿ ಬಿದ್ದಿದ್ದ ಬೀಸುವ ಕಲ್ಲು ತೊಳೆದು ಒಳಗೆ ತಂದೆ. ನಸುಕಿನಲ್ಲಿ ಕೂತು ಬೀಸಿದೆ. ಮೆಣಸಿನಕಾಯಿ ಬಿಡಿಸಿದ ಕೈ ಗೂಟ ಹಿಡಿದರೆ ಉರಿಯುತ್ತದೆ. ರಟ್ಟೆ ಎರಡನೇ ದಿನಕ್ಕೆ ಊದಿತು. ಅತ್ತೆ ಕೇಳಿದಾಗ, ಏಕನಾಥನ ಗಿರಣಿ ಕೆಟ್ಟೈತ್ರಿ, ಎಂದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ನನ್ನೊಬ್ಬಳ ಡಬ್ಬಿ ಹೋಗದಿದ್ದರೆ ಏಕನಾಥನಿಗೆ ಏನೂ ಆಗುವುದಿಲ್ಲ, ನನಗೂ ಗೊತ್ತಿತ್ತು. ಆದರೂ ಹೊಲದಲ್ಲಿ ನೀಲಕ್ಕನಿಗೆ ಹೇಳಿದೆ. ನಮ್ಮ ಗೋಡೆಗೆ ಅವಳ ಗೋಡೆ. ಅವಳು ಮೆಣಸಿನಕಾಯಿ ಬಿಡಿಸುತ್ತಲೇ ಕೇಳಿದಳು. ಒಮ್ಮೆ ನನ್ನ ಜೊತೆ ಸಂಶಿಗೂ ಬಂದಳು. ಮರುವಾರ ಬರಲಿಲ್ಲ.

"ಸಾವಕಾರ ಕರದ ಕೇಳಿದ," ಎಂದಳು. "ಸಂಶಿ ಹಿಟ್ಟ ಭಾಳ ರುಚಿ ಆತೇನ, ಕೂಲೀನೂ ಸಂಶ್ಯಾಗ ಹುಡುಕ್ಕೊ ಅಂದ. ನನ್ನ ಹಲ್ಲ ಹೆಂಗೂ ಹೋಗ್ಯಾವು ಮೈಲಾರಿ. ಹಲ್ಲ ಇದ್ದು ರೊಟ್ಟಿ ಇಲ್ಲದಕ್ಕಿಂತ ಇದ ಪಾಡ."

ನಾನು ಅವಳನ್ನು ಬೈಯಲಿಲ್ಲ. ಒಳಗೊಳಗೆ ಬೈದೆ. ಆ ವಾರದಿಂದ ಏಕನಾಥನ ಹೊಲದ ಕೂಲಿಗೆ ನನ್ನನ್ನು ಕರೆಯುವುದು ನಿಂತಿತು. ಠಾಣೆಗೆ ಹೋಗು ಎಂದು ಕೇರಿಯ ಓದಿದವರೊಬ್ಬರು ಹೇಳಿದರು. ಹೋಗಿ ಏನೆಂದು ಬರೆಸಲಿ? ನಮ್ಮ ಜೋಳವನ್ನು ಎಲ್ಲರಿಗಿಂತ ಮೊದಲು ಬೀಸಿಕೊಟ್ಟರು ಎಂದೇ?

ಮಳೆ ಕಡಿಮೆಯಾಗಿ ಹೊಲದ ಹೆಸರುಕಾಯಿ ಕಿತ್ತ ಮೇಲೆ ಒಂದು ಮಧ್ಯಾಹ್ನ ಬೇರೆಯವರ ಹೊಲದಿಂದ ಮನೆಗೆ ಬಂದೆ. ಬಾಗಿಲಿಗೆ ಚಿಲಕ ಹಾಕಿತ್ತು. ಒಳಗೆ ಅತ್ತೆ ಇರಲಿಲ್ಲ. ಎತ್ತಿಟ್ಟಿದ್ದ ಇಳಕಲ್ಲಿನ ಸೀರೆ ಇರಲಿಲ್ಲ. ಮೂಲೆಯ ಸಣ್ಣ ಡಬ್ಬಿಯೂ ಇರಲಿಲ್ಲ. ಯಾರನ್ನೂ ಕೇಳುವ ಅಗತ್ಯವಿರಲಿಲ್ಲ. ಏಕನಾಥ ಟಾಕಿ ಹೊಡೆಸಿದ್ದಾನೆ ಎಂಬ ಸುದ್ದಿ ಕೇರಿಗೆ ಬಂದಿರಬೇಕು.

ಓಡಿದೆ. ಬೆವರು ಕಣ್ಣಿಗಿಳಿಯಿತು. ಹೇಳಲೋ ಬೇಡವೋ ಎಂದು ದಾರಿಯುದ್ದಕ್ಕೂ ಯೋಚಿಸಿದೆ ಎಂದರೆ ಸುಳ್ಳು. ತಲೆಯಲ್ಲಿ ಏನೂ ಇರಲಿಲ್ಲ. ಕಾಲು ಓಡುತ್ತಿತ್ತು.

ಗಿರಣಿಯ ಮುಂದೆ ಕೇರಿಯ ಹೆಂಗಸರು ಕೂತಿದ್ದರು. ಎಲ್ಲರ ಮುಂದೆ ಅತ್ತೆ, ದಾರಿಯ ಕಡೆ ಮುಖ ಮಾಡಿ. ಎಣ್ಣೆ ಹಚ್ಚಿ ಬಾಚಿದ ಬಿಳಿ ತಲೆ. ಅವಳ ಡಬ್ಬಿ ಮೆಟ್ಟಿಲ ಮೇಲೆ ಎಲ್ಲಕ್ಕಿಂತ ಮುಂದಿತ್ತು. ಅದರ ಹಿಂದೆ ನೀಲಕ್ಕನ ಡಬ್ಬಿ. ಊರವರು ನಾಲ್ಕೈದು ಮಂದಿ ಆಚೆ ನೆರಳಿನಲ್ಲಿ ನಿಂತಿದ್ದರು. ಇಮಾಮುದ್ದೀನ ಬಾಗಿಲ ಹತ್ತಿರ ಕೂತು ಉಳಿ ಒರೆಸುತ್ತಿದ್ದ. ಏಕನಾಥ ಡಬ್ಬಿಗೆ ಕೈ ಹಾಕಿದ್ದ.

"ಕೊಡಬ್ಯಾಡ್ರಿ ಅತ್ತಿ," ಎಂದೆ. ಉಸಿರು ಸಿಗುತ್ತಿರಲಿಲ್ಲ. "ಡಬ್ಬಿ ಕೊಡಬ್ಯಾಡ್ರಿ."

ಅತ್ತೆಗೆ ನಾಚಿಕೆಯಾಯಿತು. "ಯಾಕ ಬೇ, ಹಿಂಗ್ಯಾಕ ಬಂದಿ? ಸಾವಕಾರ್ರ ನಿಂತಾರ, ಕಾಣೂದಿಲ್ಲ?"

ಹೇಳಿದೆ. ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಹೊಡೆದ ಕಲ್ಲಿನ ಪುಡಿ ಹೋಗಲೆಂದು ಹೊಟ್ಟು ಹಾಕಿ ಚೆಲ್ಲಬೇಕು. ಹೊಟ್ಟು ದುಬಾರಿ ಎಂದು ನಮ್ಮ ಜೋಳ ಹಾಕುತ್ತಾರೆ. ಕಲ್ಲು ತೊಳೆದ ಹಿಟ್ಟನ್ನು ನಾವು ಹೊತ್ತುಕೊಂಡು ಹೋಗಿ ತಿನ್ನುತ್ತೇವೆ. ಮೊದಲ ಪಾಳಿ ಅಂದರೆ ಇದು. ಬೇರೆ ಯಾರೋ ಹೇಳುತ್ತಿದ್ದ ಹಾಗಿತ್ತು, ನಾನು ಕೇಳುತ್ತಿದ್ದೆ.

"ಯಾರ ಹೇಳಿದ್ರ ನಿನಗಿದನ್ನ?" ಎಂದ ಏಕನಾಥ.

"ನೀವ ಹೇಳಿದ್ರಿ. ನಾ ಇಲ್ಲೇ ನಿಂತಿದ್ದೆ."

ಅವನು ನನ್ನ ಮುಖ ನೋಡಿದ. ನೆನಪು ಮಾಡಿಕೊಳ್ಳಲು ನೋಡಿದ. ಆ ಬೆಳಗು ಅವನಿಗೆ ನಿಜವಾಗಿಯೂ ನೆನಪಿರಲಿಲ್ಲ. ಆಗ ನನಗೆ ಸಿಟ್ಟು ಬಂತು. ಇಷ್ಟು ತಿಂಗಳು ಬಾರದ್ದು ಆಗ ಬಂತು. ಅವನು ಮಾಡಿದ್ದಕ್ಕಲ್ಲ. ನನ್ನ ರಟ್ಟೆ, ಕುತ್ತಿಗೆ, ಕೆನ್ನೆ ಎಲ್ಲ ಸೇರಿಸಿದರೂ ಅವನಿಗೆ ನೆನಪಿಡುವಷ್ಟು ಆಗಿರಲಿಲ್ಲ.

ಅತ್ತೆ ಕೂತಲ್ಲೇ ಕೂತಿದ್ದಳು. ಅವಳು ನನ್ನನ್ನು ನೋಡಲಿಲ್ಲ. ಇಮಾಮುದ್ದೀನನ ಕಡೆ ತಿರುಗಿದಳು.

"ಹೌದೇನಪಾ?"

ಇಮಾಮುದ್ದೀನ ಉಳಿ ಕೆಳಗಿಟ್ಟ. "ಹೌದವಾ," ಎಂದ. "ಆ ಹಿಟ್ಟ ಯಾರೂ ತಿನಬಾರದು."

ಅತ್ತೆ ಏಕನಾಥನ ಕಡೆ ತಿರುಗಿದಳು. "ಹಿರೇ ಸಾವಕಾರ್ರು ನಮ್ಮನಿಯವರ ಬಳ್ಳ ಹೋಗಿದ್ದಕ್ಕ ಈ ಮಾನ ಕೊಟ್ಟಿದ್ರಲ್ರಿ."

"ಬಳ್ಳ? ಯಾರ ಬಳ್ಳ?" ಎಂದ ಏಕನಾಥ. "ಅದೆಲ್ಲ ನನಗ್ಗೊತ್ತಿಲ್ಲ ಬಸವಣ್ಣೆವ್ವ. ಮೊದಲಿಂದ ಬಂದದ್ದು, ನಾ ಹುಟ್ಟಿಸಿದ್ದಲ್ಲ. ಬರೇ ಕಲ್ಲ ತಿರುಗಿಸಿದ್ರ ಕಲ್ಲಿಗೆ ಕಲ್ಲ ತಿಂದ ಹಾಳಾಕ್ಕೈತಿ. ಯಾರದರ ಒಬ್ಬರದ ಮೊದಲ ಹಾಕಬೇಕಲ್ಲ ಮತ್ತ."

ಅತ್ತೆ ನೆಲಕ್ಕೆ ಕೈ ಊರಿ ಎದ್ದಳು. ಸೆರಗು ಸರಿ ಮಾಡಿಕೊಂಡಳು. ಮೆಟ್ಟಿಲ ಹತ್ತಿರ ಹೋಗಿ, ಅದರ ಮೇಲೆ ಒಂದು ಕಾಲಿಟ್ಟಳು, ಆಮೇಲೆ ಇನ್ನೊಂದು. ಏಕನಾಥ ಹಿಂದೆ ಸರಿದ. ತಾಗೀತೆಂದು ಸರಿದನೋ, ಗಾಬರಿಯಾಗಿ ಸರಿದನೋ ಗೊತ್ತಿಲ್ಲ. ಅವಳು ಬಗ್ಗಿ ತನ್ನ ಡಬ್ಬಿಯನ್ನು ಎತ್ತಿಕೊಂಡಳು.

"ಹಂಗಾರ ಇವತ್ತ ನಿಮ್ಮನಿದು ಹಾಕ್ರಿ ಸಾವಕಾರ್ರ," ಎಂದಳು. ಬೈಯುವ ದನಿಯಲ್ಲ. ಊಟಕ್ಕೆ ಏಳ್ರಿ ಎನ್ನುವ ದನಿ. "ಆ ಹಿಟ್ಟಿನ ರೊಟ್ಟಿ ನೀವು ಉಣ್ರಿ, ನಿಮ್ಮ ಮೊಮ್ಮಕ್ಕಳಿಗೂ ಉಣಸ್ರಿ. ನಾವು ಭಾಳ ವರ್ಷ ಮೊದಲ ಆದ್ವಿ."

ಏಕನಾಥನ ಮುಖ ಕೆಂಪಾಯಿತು. "ಇಳಿ ಕೆಳಗ," ಎಂದ. "ಇಳಿ ಮೊದಲ."

"ಇಳೀತೀನಿ," ಎಂದಳು. "ಇಲ್ಲೇನೈತಿ ನಿಲ್ಲಾಕ."

ಇಳಿದಳು. ಡಬ್ಬಿ ಕೊಡ್ರಿ ಎಂದು ನಾನು ಕೈ ಚಾಚಿದೆ. ಕೊಡಲಿಲ್ಲ. ತಲೆಯ ಮೇಲೆ ತಾನೇ ಇಟ್ಟುಕೊಂಡು ನಡೆದಳು. ನಾನು ಹಿಂದೆ ನಡೆದೆ. ಬೇರೆ ಯಾರೂ ಏಳಲಿಲ್ಲ. ಕೇರಿಗೆ ಇಳಿಯುವ ಕಡೆ ಅವಳು ಇಳಿಯಲಿಲ್ಲ, ಬಸ್ಸು ನಿಲ್ಲುವ ಕಡೆ ತಿರುಗಿದಳು. ಹೀಗಾದರೆ ಇನ್ನು ಊರಿನಲ್ಲಿ ನಮಗೆ ಯಾವ ಹೊಲದ ಕೂಲಿಯೂ ಸಿಗುವುದಿಲ್ಲ ಎಂದು ನನಗೆ ತಿಳಿದಿತ್ತು. ಅವಳಿಗೂ ತಿಳಿದಿತ್ತು.

ಸ್ವಲ್ಪ ದೂರ ಹೋಗಿರಬಹುದು. ಹಿಂದೆ ಗಿರಣಿಯ ಸದ್ದು ಶುರುವಾಯಿತು. ಬರಿಗಲ್ಲಿನ ಸದ್ದಲ್ಲ. ಕಾಳು ಬಿದ್ದ ಸದ್ದು. ಅತ್ತೆ ನಿಂತಳು. ತಲೆಯ ಮೇಲೆ ಡಬ್ಬಿ ಇದ್ದುದರಿಂದ ತಿರುಗಲಿಲ್ಲ.

"ಯಾರದು?" ಎಂದಳು.

ನಾನು ಇಡೀ ಮೈ ತಿರುಗಿಸಿ ನೋಡಿದೆ. ಮೆಟ್ಟಿಲ ಮೇಲೆ ಡಬ್ಬಿ ಇರಲಿಲ್ಲ. ನೀಲಕ್ಕ ಮೊಣಕಾಲಿನಲ್ಲಿ ತಲೆ ಇಟ್ಟುಕೊಂಡು ಕೂತಿದ್ದಳು.

"ನೀಲಕ್ಕಂದ್ರಿ. ತಲಿ ತಗ್ಗಿಸಿ ಕುಂತಾಳ," ಎಂದೆ. ಬಾಯಿಗೆ ಕೆಟ್ಟ ಬೈಗುಳ ಬಂದಿತ್ತು. ಅದನ್ನು ಆಡಲು ಉಸಿರು ತೆಗೆದುಕೊಂಡೆ.

"ಆಕಿಗೆ ಏನೂ ಅನ್ನಬ್ಯಾಡ ಮೈಲಾರಿ," ಎಂದಳು ಅತ್ತೆ. "ಅಲ್ಲಿ ತಲಿ ತಗ್ಗಿಸಿ ಕುಂತಾಳ ಆಕಿ. ನಾ ಅಲ್ಲೇ ಇಷ್ಟ ವರ್ಷ ಒಗದ ಸೀರಿ ಉಟಗೊಂಡ ಕುಂತಿದ್ದೆ."